ಕಡ್ಡಿ ಅಳತೆ

ಕಳೆದ ತಿಂಗಳು ತಂಗಿಯ ಮಗಳ ಮದುವೆಗೆ ಹಾಕಿಕೊಳ್ಳಲು ಒಂದು ಜೊತೆ ಶೂ ಬೇಕೆಂದು ಮಗಳನ್ನು ಕರೆದುಕೊಂಡು ನಮ್ಮೂರಿನ ಮಾಲಿಗೆ ಹೋದವಳು ಒಂದೂವರೆ ಗಂಟೆಯ ನಂತರ ಬರಿಗೈಯಲ್ಲಿ ಹೊರಗೆ ಬಂದೆ. ಶೂ ಸಿಗಲಿಲ್ಲವೆಂಬ ಬೇಸರ ಮನೆ ತಲುಪುವಷ್ಟರಲ್ಲಿ ಹೋಯಿತು. ಬರುವ ಮುನ್ನ ನಾನು ಆಡಿದ ಒಂದು ಮಾತು ಮಾತ್ರ ಇವತ್ತಿಗೂ ಕಾಡುತ್ತಿದೆ. ಮೆರೂನ್ ಬಣ್ಣದ, ಬೆರಳುಗಳ ಕಡೆ ಮುಚ್ಚಿಕೊಂಡಿರುವ, ಅಂಗಡಿಯವರು ಬೆಲ್ಲಿ ಎಂದು ಕರೆಯುವ ಆ ಶೂಗಳಲ್ಲಿ ಆರನೇ ನಂಬರಿನದು ನನ್ನ ಕಿರುಬೆರಳನ್ನು ಹಿಂಡುತ್ತಿತ್ತು. ಏಳನೇ ನಂಬರಿನದನ್ನು ಹಾಕಿಕೊಂಡು ನಡೆದರೆ ಹೆಜ್ಜೆಗೊಮ್ಮೆ ಹಿಮ್ಮಡಿ ಕಳಚಿಕೊಳ್ಳುತ್ತಿತ್ತು. ಅಲ್ಲಿದ್ದ ಹುಡುಗ ಸಂಭಾವಿತ, ಬೇಸರಪಡದೆ ಡಬ್ಬಿಗಳನ್ನು ಇಳಿಸಿ ತಂದ. ಆರನ್ನು ಕೈಗೆ ಕೊಟ್ಟು, "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಮೇಡಂ" ಎಂದ. ಏಳನ್ನು ಕೊಟ್ಟು, "ಒಳಗೊಂದು ಸೋಲ್ ಇಟ್ಕೊಂಡ್ರೆ ಟೈಟ್ ಆಗುತ್ತೆ" ಎಂದ. ಹನ್ನೊಂದನೇ ಜೊತೆಯೂ ಆಗದಿದ್ದಾಗ ನಾನು ಅವನಿಗೆ, "ಬಿಡಪ್ಪ, ನನ್ನ ಕಾಲೇ ಸರಿಯಿಲ್ಲ" ಎಂದುಬಿಟ್ಟೆ. ಅವನು ನಕ್ಕ. ಮಗಳೂ ನಕ್ಕಳು. ಐವತ್ತೆರಡು ವರ್ಷ ಗದ್ದೆಯ ಬದು, ತೋಟದ ಕಾಲುದಾರಿ, ಶಾಲೆಯ ಮೆಟ್ಟಿಲುಗಳ ಮೇಲೆ ನನ್ನನ್ನು ಹೊತ್ತುಕೊಂಡು ಓಡಾಡಿದ, ಈವರೆಗೆ ಒಂದು ದಿನವೂ ಕೈಕೊಡದ ಕಾಲಿನ ಮೇಲೆ, ಅದರ ಮುಖ ನೋಡಿರದ ಯಾವುದೋ ಕಾರ್ಖಾನೆಯ ಪರವಾಗಿ ನಾನೇ ಚಾಡಿ ಹೇಳಿದಂತಾಯಿತು.

ಮಾಲ್ ಎಂದಾಗ ಬೆಂಗಳೂರಿನವರು ದೊಡ್ಡದಾಗಿ ಕಲ್ಪಿಸಿಕೊಳ್ಳಬಾರದು. ಚಿಕ್ಕಮಗಳೂರಿನಲ್ಲಿ ನಾವು ಗಾಜಿನ ಮುಖವಿರುವ, ಮೂರು ಅಂತಸ್ತಿನ, ಒಳಗೆ ತಣ್ಣನೆಯ ಗಾಳಿ ಮತ್ತು ಹಿಂದಿ ಹಾಡು ಇರುವ ಯಾವುದೇ ಬಟ್ಟೆಯಂಗಡಿಯನ್ನು ಮಾಲ್ ಎಂದೇ ಕರೆಯುತ್ತೇವೆ. ಎಂ.ಜಿ. ರಸ್ತೆ, ಐ.ಜಿ. ರಸ್ತೆಗಳಲ್ಲಿ ಇಂಥವು ಒಂದರ ಹಿಂದೆ ಒಂದು ಬಂದವು. ಕಾಫಿಗೆ, ಅದರಲ್ಲೂ ರೊಬಸ್ಟಾಗೆ, 2024ರಲ್ಲಿ ಹಿಂದೆಂದೂ ಕಾಣದ ಬೆಲೆ ಬಂದ ಮೇಲೆ ಕೊಯ್ಲು ಮುಗಿಯುವ ಮಾರ್ಚ್ ತಿಂಗಳ ಭಾನುವಾರಗಳಲ್ಲಿ ಅಲ್ಲಿ ಬಿಲ್ಲಿನ ಸಾಲು ಬಾಗಿಲ ತನಕ ಬರುವುದನ್ನು ನಾನೇ ನೋಡಿದ್ದೇನೆ. ಬಂದವರಲ್ಲಿ ಅರ್ಧದಷ್ಟು ಜನ ಪ್ರವಾಸಿಗರೆಂದು ಕೆಲವರು ಹೇಳುತ್ತಾರೆ. ಪ್ರವಾಸಿಗರು ಶೂ ಕೊಳ್ಳಲು ಬೆಟ್ಟ ಹತ್ತಿ ಬರುವುದಿಲ್ಲ. ಸಾಲಿನಲ್ಲಿ ನಿಂತವರು ಆಲ್ದೂರು, ಮಲ್ಲಂದೂರು, ಬಾಳೆಹೊನ್ನೂರು ಕಡೆಯ ನಮ್ಮ ಜನವೇ.

ಪೊರಕೆಯಿಂದ ಮುರಿದ ಕಡ್ಡಿ

ನನಗೆ ಮೊದಲ ಚಪ್ಪಲಿ ಬಂದದ್ದು ನಾಲ್ಕನೇ ತರಗತಿಯಲ್ಲಿದ್ದಾಗ. ಅಪ್ಪ ಪೇಟೆಗೆ ಹೊರಡುವ ಹಿಂದಿನ ರಾತ್ರಿ ನನ್ನನ್ನು ಜಗುಲಿಯ ಮೇಲೆ ನಿಲ್ಲಿಸಿ, ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಎಳೆದು, ಅದರ ಒಂದು ತುದಿಯನ್ನು ಹಿಮ್ಮಡಿಗೆ ತಾಗಿಸಿ, ಹೆಬ್ಬೆರಳಿನ ತುದಿಯಲ್ಲಿ ಉಗುರಿನಿಂದ ಗುರುತು ಮಾಡಿ, ಅದರಾಚೆಗೆ ಇನ್ನೊಂದು ಬೆರಳಗಲ ಬಿಟ್ಟು ಮುರಿದರು. ಆ ಬೆರಳಗಲ ಮುಂದಿನ ವರ್ಷಕ್ಕೆ. ಅಣ್ಣನಿಗೆ ಒಂದು ಕಡ್ಡಿ, ನನಗೆ ಒಂದು, ತಂಗಿಗೆ ಒಂದು. ಗೊತ್ತಾಗಲೆಂದು ತಂಗಿಯದಕ್ಕೆ ಒಂದು ಗಂಟು, ನನ್ನದಕ್ಕೆ ಎರಡು ಗಂಟು ದಾರ ಸುತ್ತಿ, ಮೂರನ್ನೂ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸಿಕ್ಕಿಸಿಕೊಂಡು ಬಸ್ಸು ಹತ್ತಿದರು. ಮಕ್ಕಳನ್ನು ಕರೆದುಕೊಂಡು ಹೋದರೆ ಬಸ್ ಚಾರ್ಜು, ಹೋಟೆಲಿನ ಖರ್ಚು, ಒಂದು ದಿನದ ಶಾಲೆ ಎಲ್ಲವೂ ಹೋಗುತ್ತದೆ, ಆದ್ದರಿಂದ ಕಡ್ಡಿಯೇ ನಮ್ಮ ಪರವಾಗಿ ಪೇಟೆಗೆ ಹೋಗುತ್ತಿತ್ತು. ಮಾರ್ಕೆಟ್ ರಸ್ತೆಯ ಅಂಗಡಿಯವರು ಕಡ್ಡಿಯನ್ನು ಚಪ್ಪಲಿಯ ಒಳಗಿಟ್ಟು ನೋಡಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ನಮ್ಮ ಪೀಳಿಗೆಯ ಮಲೆನಾಡಿನ ಮಕ್ಕಳಲ್ಲಿ ಅನೇಕರಿಗೆ ಈ ಕಡ್ಡಿ ನೆನಪಿರಬಹುದು.

ಅಂದು ಸಂಜೆ ಬಂದ ಚಪ್ಪಲಿಯ ಉದ್ದ ಕಡ್ಡಿಗೆ ಸರಿಯಾಗಿಯೇ ಇತ್ತು. ಪಟ್ಟಿ ಮಾತ್ರ ನನ್ನ ಪಾದದ ಮೇಲೆ ಕೂರಲಿಲ್ಲ. ಬರಿಗಾಲಿನಲ್ಲಿ ಕೆಸರು ತುಳಿದು ಬೆಳೆದ ಕಾಲಿನ ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತವೆ. ಕಿರುಬೆರಳು ಅಟ್ಟೆಯಿಂದ ಹೊರಗೆ ಇಳಿದು ನೆಲ ಮುಟ್ಟುತ್ತಿತ್ತು. ನಾನು ಅತ್ತೆ. ಅಪ್ಪ ಪಟ್ಟಿಗೆ ಕೊಬ್ಬರಿ ಎಣ್ಣೆ ಸವರಿ, ಒಳಗೆ ಬಟ್ಟೆ ತುರುಕಿ, ಹಂಡೆಯ ಒಲೆಯ ಹತ್ತಿರ ಎರಡು ದಿನ ಇಟ್ಟು ಅಷ್ಟಿಷ್ಟು ಅಗಲ ಮಾಡಿಕೊಟ್ಟರು. ಆದರೆ ಅಂದು ಮನೆಯಲ್ಲಿ ಯಾರೂ ನನ್ನ ಕಾಲು ಸರಿಯಿಲ್ಲ ಎನ್ನಲಿಲ್ಲ. "ಕಡ್ಡಿಗೆಂತ ಗೊತ್ತಾಗ್ತದೆ ಮಾರಾಯ್ತಿ, ಅದಕ್ಕೆ ಉದ್ದ ಮಾತ್ರ ಗೊತ್ತು" ಎಂದು ಅಮ್ಮ ತಪ್ಪನ್ನೆಲ್ಲ ಕಡ್ಡಿಯ ಮೇಲೆ ಹಾಕಿದರು.

ಮಾಲಿನಿಂದ ಬರಿಗೈಯಲ್ಲಿ ಬಂದ ರಾತ್ರಿ ಅಮ್ಮನ ಆ ಮಾತು ನೆನಪಾಗಿ, ಶೂವಿನ ಡಬ್ಬಿಯ ಮೇಲಿನ ನಂಬರು ಏನನ್ನು ಅಳೆಯುತ್ತದೆಂದು ಹುಡುಕಿ ಓದಿದೆ. ನಾವು ಬಳಸುವುದು ಬ್ರಿಟಿಷರು ಬಿಟ್ಟುಹೋದ ಅಳತೆ. ಅದರಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಇರುವ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರು. ಈ ಮೂರನೇ ಒಂದು ಭಾಗ ಬಂದದ್ದು ಬಾರ್ಲಿಯ, ಎಂದರೆ ಜವೆಯ ಕಾಳಿನಿಂದ. ಮೂರು ಕಾಳುಗಳನ್ನು ಉದ್ದುದ್ದಕ್ಕೆ ಇಟ್ಟರೆ ಅವರ ಒಂದು ಇಂಚು. ನಮ್ಮ ಹಳೆಯ ಲೆಕ್ಕದಲ್ಲಿಯೂ ಅಂಗುಲವನ್ನು ಜವೆಯಿಂದಲೇ ಅಳೆಯುತ್ತಿದ್ದರು, ಆದರೆ ಎಂಟು ಕಾಳುಗಳ ನಡುಭಾಗದ ಅಗಲವನ್ನು ಕೂಡಿಸಿ. ಅವರು ಕಾಳನ್ನು ಮಲಗಿಸಿದ ದಿಕ್ಕೇ ಬೇರೆ, ನಾವು ಮಲಗಿಸಿದ ದಿಕ್ಕೇ ಬೇರೆ ಎಂದು ಓದಿ ನಗು ಬಂತು. ಒಟ್ಟಿನಲ್ಲಿ ಆರು, ಏಳು ಎಂಬುದೆಲ್ಲ ಉದ್ದದ ಲೆಕ್ಕವೇ. ಅಗಲಕ್ಕೂ ಬೇರೆ ಅಳತೆಗಳಿವೆ, ಕೆಲವು ದೇಶಗಳ ಅಂಗಡಿಗಳಲ್ಲಿ ಎರಡನ್ನೂ ಅಳೆದೇ ಶೂ ಕೊಡುತ್ತಾರೆ. ನಮ್ಮೂರಿನ ಮಾಲಿನಲ್ಲಿ ಅಗಲವನ್ನು ಕೇಳುವ ಮಾತು ಹಾಗಿರಲಿ, ಆರೂವರೆ ಇದೆಯೇ ಎಂದು ಕೇಳಿದರೂ ಹುಡುಗ ನಮ್ಮ ಮುಖ ನೋಡುತ್ತಾನೆ. ತಣ್ಣನೆಯ ಗಾಳಿಯ, ಕನ್ನಡಿಗಳ, 1,499 ರೂಪಾಯಿಯ ಚೀಟಿಗಳ ನಡುವೆ ನನಗೆ ಸಿಕ್ಕಿದ್ದೂ ಅಪ್ಪನ ಪೊರಕೆ ಕಡ್ಡಿಯೇ.

ಇದನ್ನು ತಿಳಿದವರು ಗಮನಿಸಿಲ್ಲವೆಂದಲ್ಲ. ಚೆನ್ನೈಯಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ 1,01,880 ಜನರ ಪಾದಗಳನ್ನು ಯಂತ್ರದಿಂದ ಅಳೆದರು. ನಮ್ಮ ಪಾದಗಳು ಯುರೋಪು, ಅಮೆರಿಕದವರ ಪಾದಗಳಿಗಿಂತ ಅಗಲ, ಆದ್ದರಿಂದ ಇಕ್ಕಟ್ಟಾದ ಶೂ ತೊಡಲಾರದೆ ನಾವು ಬೇಕಾದದ್ದಕ್ಕಿಂತ ಉದ್ದದ ಶೂ ಕೊಳ್ಳುತ್ತೇವೆ ಎಂಬುದು ಅವರ ಅಳತೆಯಿಂದ ಹೊರಟ ಮಾತು. ಭಾರತೀಯರಿಗೆಂದೇ ರೂಪಿಸಿದ ಹೊಸ ಅಳತೆಗೆ "ಭ" ಎಂದು ಹೆಸರಿಟ್ಟಿದ್ದಾರೆ. ಇದನ್ನು ಓದಿದಾಗ, ಒಂದು ಲಕ್ಷಕ್ಕೂ ಹೆಚ್ಚು ಜನ ನನ್ನ ಪರವಾಗಿ ಸಾಕ್ಷಿ ನುಡಿದಷ್ಟು ಸಮಾಧಾನವಾಯಿತು. ಆ ಹುಡುಗನಿಗೆ ಫೋನು ಮಾಡಿ ಹೇಳಬೇಕೆನಿಸಿತು ಎಂದರೆ ನಂಬಬೇಕು.

ತೋರಿಸುವವರಿಲ್ಲದ ಅಂಗಡಿ

ಅಮ್ಮನನ್ನು ಒಮ್ಮೆ ಮಾಲಿಗೆ ಕರೆದುಕೊಂಡು ಹೋಗಿದ್ದೆ. ಅವರು ಒಳಗೆ ಬಂದವರೇ ಕೂರಲು ಜಾಗ ಹುಡುಕಿದರು. ಅವರ ಪಾಲಿಗೆ ಬಟ್ಟೆಯಂಗಡಿ ಎಂದರೆ ಬಿಳಿ ಹಾಸಿದ ಗಾದಿ, ಅದರ ಮೇಲೆ ಕಾಲು ಮಡಚಿ ಕುಳಿತ ಅಂಗಡಿಯವರು, ಅವರು ಒಂದೊಂದೇ ಸೀರೆ ಬಿಚ್ಚಿ ಸೆರಗು ಹರಡುತ್ತ, "ಇದು ನೋಡಿ ಅಮ್ಮ, ನಿಮಗೆ ಒಪ್ಪುತ್ತೆ" ಎನ್ನುವುದು, ಅಮ್ಮ ಬೇಡ ಎನ್ನುವುದು, ಅವರು ಮತ್ತೊಂದು ಬಿಚ್ಚುವುದು. ಮಾಲಿನಲ್ಲಿ ಬಟ್ಟೆಗಳೆಲ್ಲ ಹ್ಯಾಂಗರಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದವು. ಎಳೆದು ನೋಡುವ ಕೆಲಸ ನಮ್ಮದೇ. ಹದಿನೈದು ನಿಮಿಷ ಕಂಬಕ್ಕೆ ಒರಗಿ ನಿಂತ ಅಮ್ಮ ಕೊನೆಗೆ, "ಇದೆಂಥ ಅಂಗಡಿ ಮಾರಾಯ್ತಿ, ತೋರ್ಸೋರೇ ಇಲ್ಲ" ಎಂದರು. ಅಂದಿನಿಂದ ಅವರು ಮತ್ತೆ ಆ ಕಡೆಗೆ ಬಂದಿಲ್ಲ. ನಾನೂ ಈ ಮಾತನ್ನು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿ, ಹೌದು, ಹಳೆಯ ಅಂಗಡಿಗಳ ಆತ್ಮೀಯತೆ ಹೋಯಿತು ಎಂದು ನಾಲ್ಕು ಜನರ ಜೊತೆ ತಲೆಯಾಡಿಸಿದ್ದೇನೆ.

ಹಾಗೆ ತಲೆಯಾಡಿಸುವುದು ನಿಂತದ್ದು ಎರಡು ವರ್ಷದ ಹಿಂದೆ, ದೀಪಾವಳಿಗೆ ಮುಂಚಿನ ಒಂದು ಶನಿವಾರ. ಅದೇ ಮಾಲಿನ ಚಪ್ಪಲಿಯ ವಿಭಾಗದಲ್ಲಿ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿ ಸಿಕ್ಕರು. ತೋಟದ ಲೈನುಮನೆಯಲ್ಲಿರುವವರು, ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ಆರಕ್ಕೆ ಮೂಟೆ ತೂಗಿಸಿ ಬರುವವರೆಗೆ ಅವರ ಕಾಲಿನಲ್ಲಿ ಗಂಬೂಟು, ಉಳಿದಂತೆ ಹವಾಯಿ ಚಪ್ಪಲಿ. ಮಗಳು ಬಿಳಿಯ ಸ್ನೀಕರ್ ಒಂದನ್ನು ಹಾಕಿ, ತೆಗೆದು, ಮತ್ತೊಂದನ್ನು ಹಾಕಿ, ಕನ್ನಡಿಯ ಮುಂದೆ ಓರೆಯಾಗಿ ನಿಂತು ನೋಡಿಕೊಳ್ಳುತ್ತಿದ್ದಳು. ನಾಲ್ಕೈದು ಡಬ್ಬಿಗಳು ತೆರೆದು ಬಿದ್ದಿದ್ದವು. ನಾನು ಮಾತಿಗೆಂದು, "ಇಲ್ಲಿ ಸ್ವಲ್ಪ ರೇಟು ಜಾಸ್ತಿ ಅಲ್ವಾ? ಮಾರ್ಕೆಟ್ ರಸ್ತೆಯಲ್ಲಿ ನೋಡಿದ್ರಾ?" ಎಂದೆ. ಆಕೆ ದನಿ ತಗ್ಗಿಸಿ, "ಅಲ್ಲಿ ಮೊದಲು ಕಾಲು ನೋಡ್ತಾರೆ ಟೀಚರ್, ಆಮೇಲೆ ಚಪ್ಪಲಿ ತೋರಿಸ್ತಾರೆ. ಇಲ್ಲಿ ನೀವು ಯಾರು, ಎಂತ ಬೇಕು ಅಂತ ಕೇಳೋರಿಲ್ಲ. ಅದಕ್ಕೇ ಬರೋದು" ಎಂದರು.

ತೋರಿಸುವವರಿಲ್ಲ ಎಂದು ಅಮ್ಮ ದೂರಿದ್ದು, ತೋರಿಸುವವರಿಲ್ಲವೆಂದೇ ಇವರು ಬರುವುದು, ಎರಡೂ ಒಂದೇ ಅಂಗಡಿಗೆ. ಗಾದಿಯ ಮೇಲೆ ಕುಳಿತವರು ಅಮ್ಮನಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದ ಕಾಲದಲ್ಲಿಯೇ, ಅದೇ ಅಂಗಡಿಯ ಮೆಟ್ಟಿಲ ಬಳಿ ನಿಂತು, ಕಟ್ಟಿದ ಕಟ್ಟಿನಿಂದ ತೆಗೆದು ಕೊಟ್ಟದ್ದನ್ನು ಬಿಚ್ಚಿ ನೋಡದೆ ಕೊಂಡುಹೋಗುತ್ತಿದ್ದವರೂ ಇದ್ದರು. ಅವರನ್ನು ನಾನು ಮಗುವಾಗಿದ್ದಾಗ ನೋಡಿದ್ದೇನೆ, ನೋಡಿಯೂ ನೋಡಿರಲಿಲ್ಲ. ಚಪ್ಪಲಿಯ ವಿಷಯದಲ್ಲಂತೂ ಹೇಳುವುದೇ ಬೇಡ. ನಮ್ಮೂರ ದೊಡ್ಡಮನೆಗಳ ಅಂಗಳಕ್ಕೆ ಬರುವಾಗ ಚಪ್ಪಲಿಯನ್ನು ಬೇಲಿಯ ಆಚೆಯೇ ಬಿಟ್ಟು ಬರುತ್ತಿದ್ದ ಹಿರಿಯರ ಮೊಮ್ಮಕ್ಕಳು ಈಗ ನನ್ನ ತರಗತಿಯಲ್ಲಿದ್ದಾರೆ. ಒಂಬತ್ತನೇ ತರಗತಿಯ ಆ ಹುಡುಗಿ ಐದು ಡಬ್ಬಿ ತೆರೆಸಿ, ಯಾವುದೂ ಬೇಡವೆಂದು ಎದ್ದು ಹೋಗಬಹುದಾಗಿತ್ತು. ಆ ದಿನ ಅವಳು ಕೊಂಡಳು, 999 ರೂಪಾಯಿಯದು. ತಾಯಿ ಸೆರಗಿನ ಗಂಟಿನಿಂದ ನೋಟು ತೆಗೆಯುವಷ್ಟರಲ್ಲಿ ಮಗಳು ಫೋನಿನಲ್ಲಿ ಸ್ಕ್ಯಾನ್ ಮಾಡಿ ಮುಗಿಸಿದ್ದಳು.

ಬಟ್ಟೆಯ ಕಥೆ ಇಷ್ಟು ಕಠಿಣವಲ್ಲ, ಏಕೆಂದರೆ ಬಟ್ಟೆಯನ್ನು ಬಿಚ್ಚಿ ಹೊಲಿಯಬಹುದು. ಒಂದು ಕಂಪನಿಯ ಕುರ್ತಾದಲ್ಲಿ ನಾನು ಎಲ್, ಪಕ್ಕದ ಸ್ಟ್ಯಾಂಡಿನ ಕಂಪನಿಯಲ್ಲಿ ಡಬಲ್ ಎಕ್ಸ್‌ಎಲ್. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನಾನು ಅಷ್ಟು ದಪ್ಪವಾಗಿರಲಾರೆ. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್‌ನವರು ಬೆಂಗಳೂರು, ಶಿಲ್ಲಾಂಗ್ ಸೇರಿದಂತೆ ಆರು ನಗರಗಳಲ್ಲಿ 15ರಿಂದ 65 ವರ್ಷದ 25,000 ಜನರ ಮೈ ಅಳೆದು ನಮ್ಮದೇ ಒಂದು ಅಳತೆಯ ಪಟ್ಟಿ ಮಾಡುವ ಕೆಲಸವನ್ನು ಕೈಗೆತ್ತಿಕೊಂಡದ್ದೂ ಈ ಗೊಂದಲಕ್ಕಾಗಿಯೇ. ಟ್ರಯಲ್ ರೂಮಿನ ಆ ಬಿಳಿಯ ದೀಪದಲ್ಲಿ ಡಬಲ್ ಎಕ್ಸ್‌ಎಲ್ಲಿನ ಚೀಟಿ ಕಂಡರೆ ಯಾವ ಹೆಂಗಸಿಗೂ ಮನೆಗೆ ಹೋಗೋಣವೆನಿಸುತ್ತದೆ. ಬಸವನಹಳ್ಳಿ ಕಡೆಯ ನಮ್ಮ ಟೈಲರ್ ಅಣ್ಣ ಮೂವತ್ತು ವರ್ಷದಿಂದ ನನ್ನ ಅಳತೆಯನ್ನು ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾರೆ. ಪ್ರತಿ ಸಲ ಹಳೆಯ ಅಂಕಿಯ ಮೇಲೆ ಅಡ್ಡಗೆರೆ ಎಳೆದು ಹೊಸದನ್ನು ಬರೆಯುವಾಗ, "ಒಂಚೂರು ಲೂಸ್ ಇಡ್ತೀನಿ ಅಕ್ಕ" ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದವರಲ್ಲ. ಈಗ ಅವರ ಅಂಗಡಿಯ ಮುಂದೆ ಆಲ್ಟರೇಷನ್ ಮಾಡಿಕೊಡಲಾಗುವುದು ಎಂಬ ಬೋರ್ಡು ಬಿದ್ದಿದೆ. ಮಾಲಿನಲ್ಲಿ ಕೊಂಡದ್ದನ್ನು ಎಲ್ಲರೂ ಅಲ್ಲಿಗೇ ತರುತ್ತಾರೆ.

ಇದ್ದಿಲು ಉದುರಿದ್ದು

ಶೂ ಸಿಗಲಿಲ್ಲವಾದ್ದರಿಂದ ಮದುವೆಗೆ ಕಪಾಟಿನಲ್ಲಿದ್ದ ಹಳೆಯ ಜೊತೆಯನ್ನೇ ಹಾಕಿಕೊಂಡೆ. ಆರು ವರ್ಷದ ಹಿಂದೆ ಬೆಂಗಳೂರಿನ ಮಾಲೊಂದರಲ್ಲಿ ಕೊಂಡದ್ದು, ಹೆಚ್ಚೆಂದರೆ ನಾಲ್ಕು ಸಲ ಹಾಕಿದ್ದು, ಮೇಲ್ಮೈ ಹೊಸದರಂತೆಯೇ ಮಿನುಗುತ್ತಿತ್ತು. ಜೋಪಾನವಾಗಿರಲೆಂದು ಡಬ್ಬಿಯೊಳಗೆ, ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟಿದ್ದೆ. ಕಲ್ಯಾಣ ಮಂಟಪದಲ್ಲಿ ಧಾರೆ ಮುಗಿದು ಊಟದ ಹಾಲಿನ ಕಡೆಗೆ ನಡೆಯುವಾಗ ಕಾಲಡಿ ಏನೋ ಮೆತ್ತಗಾದಂತಾಯಿತು. ಹಿಂದಿನಿಂದ ತಮ್ಮನ ಐದು ವರ್ಷದ ಮಗ ಇಡೀ ಹಾಲಿಗೆ ಕೇಳುವಂತೆ, "ಅತ್ತೆ, ನಿಮ್ಮ ಕಾಲಿಂದ ಇದ್ದಿಲು ಉದುರ್ತಿದೆ!" ಎಂದು ಕೂಗಿದ. ತಿರುಗಿ ನೋಡಿದರೆ ಬಿಳಿಯ ಟೈಲ್ಸಿನ ಮೇಲೆ ವೇದಿಕೆಯಿಂದ ನನ್ನ ತನಕ ಕಪ್ಪು ಪುಡಿಯ ಹೆಜ್ಜೆಗಳು. ಎಡಗಾಲಿನ ಅಟ್ಟೆ ಒಣಗಿದ ಕೇಕಿನಂತೆ ಪೂರ್ತಿ ಬಿರಿದು, ಬೆರಳಿಂದ ಒತ್ತಿದರೆ ಪುಡಿಯಾಗುತ್ತಿತ್ತು. ಉಳಿದ ಮದುವೆಯನ್ನು ಬರಿಗಾಲಿನಲ್ಲಿ ಮುಗಿಸಿದೆ. ನಿಜ ಹೇಳಬೇಕೆಂದರೆ ಹಾಯಾಗಿತ್ತು.

ಮರುದಿನ ಅದನ್ನು ಬಸ್ ನಿಲ್ದಾಣದ ಹತ್ತಿರ ಕೊಡೆಯ ಕೆಳಗೆ ಕೂತು ಚಪ್ಪಲಿ ಹೊಲಿಯುವ ಹಿರಿಯರ ಬಳಿಗೆ ಒಯ್ದೆ. ಅವರು ಒಮ್ಮೆ ಮೂಸಿ, ಒಮ್ಮೆ ಉಗುರಿನಿಂದ ಕೆರೆದು, "ಪಿಯು ಸೋಲು. ಡಬ್ಬಿಯಲ್ಲಿ ಇಟ್ಟಿದ್ರಾ?" ಎಂದರು. ಇಟ್ಟಿದ್ದೆ ಎಂದೆ. "ಅದಕ್ಕೇ ಹೋಗಿದ್ದು. ಹಾಕಿ ಓಡಾಡಿದ್ರೆ ಇನ್ನೂ ನಾಲ್ಕು ವರ್ಷ ಬರ್ತಿತ್ತು." ಅವರು ಹೇಳಿದ್ದು ತಮಾಷೆಗಲ್ಲ. ಪಿಯು ಎಂದರೆ ಪಾಲಿಯುರೆಥೇನ್. ಹಗುರವಾಗಿ, ಮೆತ್ತಗೆ ಇರುವುದರಿಂದ ಫ್ಯಾಷನ್ ಶೂಗಳಿಗೆ ಅದನ್ನೇ ಹೆಚ್ಚಾಗಿ ಬಳಸುತ್ತಾರೆ. ಗಾಳಿಯಲ್ಲಿರುವ ನೀರಿನ ಆವಿಯನ್ನು ಹೀರಿ ಅದರ ಕೊಂಡಿಗಳು ಒಂದೊಂದಾಗಿ ಕಡಿದುಹೋಗುತ್ತವೆ, ಮುಟ್ಟದೆ ಮುಚ್ಚಿಟ್ಟರೆ ತೇವ ಒಳಗೇ ನಿಂತು ಇನ್ನೂ ಬೇಗ ಹಾಳಾಗುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ, ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿನ ಮೇಲೆ ಹಸಿರು ಬೂಷ್ಟು ಬೆಳೆಯುವ, ಒಳಉಡುಪನ್ನು ಒಲೆಯ ಮೇಲೆ ಒಣಗಿಸಿ ಹೊಗೆಯ ವಾಸನೆಯೊಂದಿಗೇ ಶಾಲೆಗೆ ಹೋಗುವ ಊರಿನಲ್ಲಿ ನಾನು ಆರು ಮಳೆಗಾಲ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟಿದ್ದೆ. ಡಬ್ಬಿಯ ಮೇಲೆ ನಂಬರು, ಬಣ್ಣ, ಬೆಲೆ ಎಲ್ಲ ಇತ್ತು; ಈ ಸೋಲಿಗೆ ಆಯುಷ್ಯವಿದೆ ಎಂಬುದು ಇರಲಿಲ್ಲ. ಹಿರಿಯರು 350 ರೂಪಾಯಿಗೆ ರಬ್ಬರಿನ ಅಟ್ಟೆ ಹಾಕಿಕೊಟ್ಟರು. ಹಾಕುವಾಗ ನನ್ನ ಕಾಲನ್ನು ಒಮ್ಮೆ ನೋಡಿ, ಕೇಳದೆಯೇ ಕಿರುಬೆರಳಿನ ಕಡೆಯ ಹೊಲಿಗೆಯನ್ನು ನೂಲಿನಷ್ಟು ಸಡಿಲಿಸಿದರು. ಕಾಲು ನೋಡಿ ಚಪ್ಪಲಿ ತೋರಿಸುವುದೂ ಒಂದು ನೋಟ, ಇದೂ ಒಂದು ನೋಟ.

ಕಾಗದದ ಪಾದ

ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಕೊಡುವ ಕಪ್ಪು ಶೂಗಳ ಅಳತೆ ತೆಗೆದುಕೊಳ್ಳುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಮೊದಮೊದಲು ಮಕ್ಕಳ ಬಾಯಲ್ಲಿ ನಂಬರು ಕೇಳಿ ಬರೆದುಕೊಳ್ಳುತ್ತಿದ್ದೆ. ಅರ್ಧ ಮಕ್ಕಳಿಗೆ ನಂಬರು ಗೊತ್ತಿರುತ್ತಿರಲಿಲ್ಲ, ಗೊತ್ತಿದ್ದವರು ಹೇಳಿದ ನಂಬರು ಆಗುತ್ತಿರಲಿಲ್ಲ. ಆಮೇಲೆ ಹಳೆಯ ಉತ್ತರಪತ್ರಿಕೆಗಳ ಖಾಲಿ ಬದಿಯ ಮೇಲೆ ಅವರನ್ನು ನಿಲ್ಲಿಸಿ, ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದು, ಹೆಸರು ಬರೆದು ಕತ್ತರಿಸುವ ಪದ್ಧತಿ ಮಾಡಿಕೊಂಡೆ. ಜುಲೈ ತಿಂಗಳಿನಲ್ಲಿ ಸ್ಟಾಫ್ ರೂಮಿನ ಮೇಜಿನ ಮೇಲೆ ನೂರಾರು ಕಾಗದದ ಪಾದಗಳು ಬಿದ್ದಿರುತ್ತವೆ, ಬಹುಪಾಲು ಬೀಸಣಿಗೆಯಂಥವೇ.

ಇಷ್ಟೆಲ್ಲ ಮಾಡುವ ನನಗೆ ಮನೆಯಲ್ಲಿ ಅದು ಹೊಳೆದದ್ದು ಮೊನ್ನೆ ಮೊನ್ನೆ. ಅಮ್ಮನಿಗೆ ಈಗ ಎಪ್ಪತ್ತೆಂಟು, ಊದಿಕೊಳ್ಳುವ ಕಾಲು, ಮಾಲಿಗೆ ಬರುವುದಿಲ್ಲ ಎಂಬ ಹಟ. ಜಗುಲಿಯ ಮೇಲೆ ಹಳೆಯ ಪೇಪರ್ ಹಾಸಿ ಅವರನ್ನು ನಿಲ್ಲಿಸಿ, ಸಂಜೆ ಕಾಲು ಊದಿಕೊಂಡ ಹೊತ್ತಿನಲ್ಲೇ ಗೆರೆ ಎಳೆದೆ. ಪೆನ್ಸಿಲು ಕಿರುಬೆರಳನ್ನು ಸುತ್ತಿ ಬರುವಾಗ ಕಚಗುಳಿಯಾಗಿ ಅವರು ಕಾಲು ಎಳೆದುಕೊಂಡರು, ಮತ್ತೊಂದು ಹಾಳೆ ಬೇಕಾಯಿತು. ಕತ್ತರಿಸಿದ ಪಾದವನ್ನು ಪುಸ್ತಕದೊಳಗೆ ಇಟ್ಟುಕೊಂಡು ಅದೇ ಮಾಲಿಗೆ, ಅದೇ ಹುಡುಗನ ಬಳಿಗೆ ಹೋದೆ.

ಅವನು ಮೊದಲು ನಕ್ಕ. ನಂತರ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಮಾತಾಡದೆ ಹೋಗಿ ಲೇಡೀಸ್ ಸಾಲಿನಿಂದ ಮೂರು ಜೊತೆ ತಂದ. ಮೊದಲನೆಯದರಲ್ಲಿ ಕಾಗದದ ಎರಡೂ ಅಂಚು ದೋಣಿಯಂತೆ ಮೇಲಕ್ಕೆ ಮಡಚಿಕೊಂಡಿತು. ಎರಡನೆಯದರಲ್ಲಿ ಕಿರುಬೆರಳಿನ ಕಡೆ ಮಾತ್ರ. ಮೂರನೆಯದರಲ್ಲಿ ಅಗಲ ಸರಿಹೋಯಿತು, ಮುಂದೆ ಒಂದೂವರೆ ಬೆರಳು ಜಾಗ ಮಿಕ್ಕಿತು. ಅವನಿಗೆ ಈಗ ಹುರುಪು ಬಂದಿತ್ತು. ಬಿಲ್ಲಿನ ಕಡೆಯಿಂದ ಯಾರೋ ಕರೆದರೂ, "ಬಂದೆ ಇರಿ" ಎಂದು ಮೊಣಕಾಲೂರಿ ಕುಳಿತು ಒಂದಾದ ಮೇಲೊಂದು ಡಬ್ಬಿ ತೆರೆದ. ಕೊನೆಗೆ ಗಂಡಸರ ಸಾಲಿಗೆ ಹೋಗಿ, ಐದನೇ ನಂಬರಿನ, ಹಿಂದೆ ಪಟ್ಟಿಯಿರುವ ಕಂದು ಬಣ್ಣದ ಸ್ಯಾಂಡಲ್ಲೊಂದನ್ನು ತಂದು ಕಾಗದವನ್ನು ಅದರೊಳಗೆ ಇಳಿಸಿದ. ಎಲ್ಲಿಯೂ ಮಡಚಿಕೊಳ್ಳಲಿಲ್ಲ. "ಇದು ಜೆಂಟ್ಸ್ ಮೇಡಂ. ಅಜ್ಜಿ ಹಾಕ್ಕೋತಾರಾ?" ಎಂದ.

ಅಮ್ಮ ಹಾಕಿಕೊಂಡರು. ಅಂಗಳದಲ್ಲಿ ತುಳಸಿಕಟ್ಟೆಯ ತನಕ ಹೋಗಿ, ಅಲ್ಲಿ ಒಂದು ಸುತ್ತು ಬಂದು, ಮತ್ತೆ ಜಗುಲಿಗೆ ಬಂದು ಕುಳಿತು ಪಟ್ಟಿಯನ್ನು ಮುಟ್ಟಿ ನೋಡಿದರು. ಹೆಂಗಸರದ್ದೋ ಗಂಡಸರದ್ದೋ, ಬೆಲೆ ಎಷ್ಟು, ಒಂದನ್ನೂ ಕೇಳಲಿಲ್ಲ.

"ಯಾರು ತೋರ್ಸಿದ್ದು?" ಎಂದರು.

ಅಂಗಡಿಯ ಹುಡುಗ ಎಂದೆ.